ಕೌನ್ಸಿಲ್‌ಗಳು ಒಂದಾಗುವಾಗ ವಸತಿ ಮತ್ತು ಪ್ಲಾನಿಂಗ್ ಸೇವೆ: ಮಧ್ಯರಾತ್ರಿಗೆ ಸೇರುವುದು ಯಾವುದು, ಕಾಯಬಹುದಾದದ್ದು ಯಾವುದು

ಇಂಗ್ಲೆಂಡಿನ ಹಲವು ಕೌಂಟಿಗಳಲ್ಲಿ ಸ್ಥಳೀಯ ಆಡಳಿತಕ್ಕೆ ಎರಡು ಹಂತ. ವಸತಿರಹಿತರ ಅರ್ಜಿ, ಕೌನ್ಸಿಲ್ ಮನೆಗಳ ಹಂಚಿಕೆ, ಕಟ್ಟಡಕ್ಕೆ ಅನುಮತಿ ಜಿಲ್ಲಾ ಕೌನ್ಸಿಲ್‌ನ ಕೆಲಸ. ಮಕ್ಕಳ ರಕ್ಷಣೆ, ವೃದ್ಧರ ಆರೈಕೆ, ರಸ್ತೆ, ಗಣಿ, ಕಸ ವಿಲೇವಾರಿ ಕೌಂಟಿ ಕೌನ್ಸಿಲ್‌ನದು. 2024ರ ಡಿಸೆಂಬರ್ 16ರ ಸರ್ಕಾರಿ ಶ್ವೇತಪತ್ರದ ನಂತರ ಇಂಥ 21 ಪ್ರದೇಶಗಳಲ್ಲಿ ಎರಡು ಹಂತಗಳನ್ನೂ ತೆಗೆದು, ಎಲ್ಲ ಕೆಲಸವನ್ನೂ ತಾನೇ ಮಾಡುವ ಒಂದೇ ಹಂತದ ಯೂನಿಟರಿ ಕೌನ್ಸಿಲ್ ಮಾಡುವ ಕೆಲಸ ಶುರುವಾಯಿತು. ಸರ್ರೆ ಕೌಂಟಿಯೂ ಅದರ 11 ಜಿಲ್ಲೆಗಳೂ ಈಸ್ಟ್ ಸರ್ರೆ, ವೆಸ್ಟ್ ಸರ್ರೆ ಎಂಬ ಎರಡು ಕೌನ್ಸಿಲ್‌ಗಳಾಗಲು ಗೊತ್ತಾದ ದಿನ 2027ರ ಏಪ್ರಿಲ್ 1. ಉಳಿದ ಬಹುತೇಕ ಕಡೆಗಳಿಗೆ ಇಟ್ಟುಕೊಂಡ ಗುರಿ 2028ರ ಏಪ್ರಿಲ್ 1. ಅಧಿಕಾರ ಕೈ ಬದಲಾಗುವ ಈ ದಿನವನ್ನು ಕಚೇರಿಗಳಲ್ಲಿ ವೆಸ್ಟಿಂಗ್ ಡೇ ಎನ್ನುತ್ತಾರೆ.

ಈ ಮಾರ್ಗದರ್ಶಿ ವಸತಿ ಮತ್ತು ಪ್ಲಾನಿಂಗ್ ವಿಭಾಗಗಳಲ್ಲಿ ಕೆಲಸ ಮಾಡುವವರಿಗೆ, ಹೊಸದಾಗಿ ಆಯ್ಕೆಯಾದ ಸದಸ್ಯರಿಗೆ, ಅರ್ಜಿ ಹಾಕಿ ಕಾಯುತ್ತಿರುವವರಿಗೆ. ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಒಂದಿದೆ. ವಿಲೀನದಲ್ಲಿ ಕೆಲವು ಸಂಗತಿಗಳು ಮಧ್ಯರಾತ್ರಿಗೇ ಒಂದಾಗುತ್ತವೆ, ಯಾರ ಒಪ್ಪಿಗೆಗೂ ಕಾಯುವುದಿಲ್ಲ. ಇನ್ನು ಕೆಲವು ವರ್ಷಗಟ್ಟಲೆ ಬೇರೆಬೇರೆಯಾಗಿಯೇ ನಡೆಯಬಹುದು. ತೊಂದರೆಯೆಲ್ಲ ಇವೆರಡನ್ನೂ ಅದಲುಬದಲು ಮಾಡಿಕೊಂಡಾಗ ಬರುವುದು: ಬೇರೆ ಇರಬಹುದಾದ ಹಂಚಿಕೆ ನಿಯಮಗಳ ಮೇಲೆ ಒಂದು ವರ್ಷ ಚರ್ಚೆ, ಮಧ್ಯರಾತ್ರಿಗೇ ಒಂದಾಗುವ ರಾತ್ರಿ ಪಾಳಿಯ ಫೋನಿಗೆ ಕೊನೆಯ ವಾರ.

ಮೊದಲ ಹೆಜ್ಜೆ: ಎರಡು ಪಟ್ಟಿ

ಮೊದಲ ಪಟ್ಟಿಯಲ್ಲಿ ತಾನಾಗಿ ಒಂದಾಗುವವು: ವಸತಿರಹಿತರ ಬಗೆಗಿನ ಕಾನೂನು ಹೊಣೆ, ಸ್ಥಳೀಯ ನಂಟಿನ (ಅರ್ಜಿದಾರರು ಯಾವ ಕೌನ್ಸಿಲ್‌ಗೆ ಸೇರಿದವರು ಎಂಬ) ಲೆಕ್ಕ, ಕೌನ್ಸಿಲ್ ಮನೆಗಳ ಬಾಡಿಗೆ ಖಾತೆ, ಬಾಡಿಗೆದಾರರ ಮಾಲೀಕ ಯಾರು ಎಂಬುದು, ಪ್ಲಾನಿಂಗ್ ತೀರ್ಮಾನಕ್ಕೆ ಸಹಿ ಹಾಕುವ ಅಧಿಕಾರ. ಎರಡನೆಯದರಲ್ಲಿ ಕಾಯಬಹುದಾದವು: ಎಲ್ಲಿ ಏನು ಕಟ್ಟಬಹುದೆಂದು ಹೇಳುವ ಲೋಕಲ್ ಪ್ಲಾನ್‌ಗಳು, ಹೊಸ ಕಟ್ಟಡಗಳ ಮೇಲಿನ ಮೂಲಸೌಕರ್ಯ ಶುಲ್ಕದ ದರಪಟ್ಟಿಗಳು, ನೆರೆಹೊರೆ ಯೋಜನೆಗಳು, ಮನೆ ಹಂಚಿಕೆಯ ಹಳೆಯ ನಿಯಮಾವಳಿಗಳು, ಕಂಪ್ಯೂಟರ್ ವ್ಯವಸ್ಥೆಗಳು. ಎರಡನೆಯ ಪಟ್ಟಿಯ ಯಾವುದನ್ನೂ ಮೊದಲ ದಿನಕ್ಕೆ ಎಳೆದು ತರಬೇಡಿ. ತರಲೇಬೇಕೆಂದು ಹಟ ಹಿಡಿಯುವವರು ಸಾಮಾನ್ಯವಾಗಿ ಕೌಂಟರಿನ ಆಚೆ ಕುಳಿತು ಕೆಲಸ ಮಾಡಿದವರಲ್ಲ.

ಇದೇ ಹೊತ್ತಿಗೆ ಒಪ್ಪಂದಗಳ ದಾಖಲೆಯೂ ಬೇಕು. ಸ್ಥಳೀಯ ಆಡಳಿತದ ಬಗೆಗಿನ 2007ರ ಕಾಯ್ದೆಯ 24ನೇ ಸೆಕ್ಷನ್ ಅಡಿ ಸಚಿವರು ನಿರ್ದೇಶನ ಕೊಟ್ಟರೆ, ಮುಚ್ಚಲಿರುವ ಕೌನ್ಸಿಲ್ 1 ಲಕ್ಷ ಪೌಂಡ್ ಮೀರಿದ ಜಮೀನು ಮಾರಾಟ, 10 ಲಕ್ಷ ಪೌಂಡ್ ಮೀರಿದ ಬಂಡವಾಳ ಗುತ್ತಿಗೆ, 1 ಲಕ್ಷ ಮೀರಿದ ಕೆಲವು ಬಗೆಯ ಇತರ ಗುತ್ತಿಗೆಗಳಿಗೆ ಉತ್ತರಾಧಿಕಾರಿ ಕೌನ್ಸಿಲ್‌ನ ಒಪ್ಪಿಗೆ ಪಡೆಯಬೇಕು. ವಸತಿ ವಿಭಾಗಕ್ಕೆ ಇದು ಬೇಗ ತಗಲುತ್ತದೆ. ಛಾವಣಿ ಬದಲಿಸುವ ಗುತ್ತಿಗೆ, ಹೋಟೆಲಿನೊಂದಿಗೆ ತಾತ್ಕಾಲಿಕ ವಸತಿಯ ಕರಾರು, ಹಳೆ ಗ್ಯಾರೇಜ್ ಜಾಗವನ್ನು ಹೌಸಿಂಗ್ ಅಸೋಸಿಯೇಷನ್‌ಗೆ (ಕಡಿಮೆ ಬಾಡಿಗೆಗೆ ಮನೆ ಕೊಡುವ ಲಾಭರಹಿತ ಸಂಸ್ಥೆಗೆ) ಮಾರುವುದು, ಎಲ್ಲವೂ ಆ ಮಿತಿಯನ್ನು ಸಲೀಸಾಗಿ ದಾಟುತ್ತವೆ. ಒಪ್ಪಿಗೆ ಯಾರು ಕೊಡಬೇಕು, ಎಷ್ಟು ದಿನದಲ್ಲಿ ಎಂಬುದನ್ನು ಬರೆದಿಡದಿದ್ದರೆ ಚಳಿಗಾಲದ ನಡುವೆ ಬಾಯ್ಲರ್ ಗುತ್ತಿಗೆ ಸಹಿಗಾಗಿ ಕಾಯುತ್ತ ನಿಲ್ಲುತ್ತದೆ.

ವಸತಿರಹಿತರ ಸೇವೆ

2025ರ ಮಾರ್ಚ್ 31ರಂದು ಇಂಗ್ಲೆಂಡಿನಲ್ಲಿ 1,31,140 ಕುಟುಂಬಗಳು ತಾತ್ಕಾಲಿಕ ವಸತಿಯಲ್ಲಿದ್ದವು. ಇದು ವಿಲೀನ ಮುಗಿಯಲಿ ಎಂದು ಒಂದು ದಿನವೂ ಬಾಗಿಲು ಹಾಕಲಾಗದ ಸೇವೆ.

ಫೋನಿನಿಂದ ಶುರು ಮಾಡಿ. 2028ರ ಏಪ್ರಿಲ್ 1 ಬರುವುದು ಶನಿವಾರ. ಅಂದರೆ ಹೊಸ ಕೌನ್ಸಿಲ್‌ನ ಮೊದಲ ವಸತಿರಹಿತ ಅರ್ಜಿಯನ್ನು ತೆಗೆದುಕೊಳ್ಳುವುದು ವಸತಿ ಅಧಿಕಾರಿಯಲ್ಲ, ರಾತ್ರಿ ಪಾಳಿಯ ಕಾಲ್ ಸೆಂಟರ್. ಐದು ಜಿಲ್ಲೆಗೆ ಐದು ತುರ್ತು ಸಂಖ್ಯೆ ಇದ್ದರೆ ಐದನ್ನೂ ಕನಿಷ್ಠ ಒಂದು ವರ್ಷ ಜೀವಂತ ಇಟ್ಟು ಒಂದೇ ಮೇಜಿಗೆ ತಿರುಗಿಸಿ. ಆ ಮೇಜಿನಲ್ಲಿ ಇರಬೇಕಾದದ್ದು: ಆ ರಾತ್ರಿ ಖಾಲಿಯಿರುವ ಕೋಣೆಗಳ ಪಟ್ಟಿ, ಯಾವ ಹೋಟೆಲ್ ಯಾರ ಹೆಸರಿನ ಬಿಲ್ ಒಪ್ಪುತ್ತದೆ ಎಂಬ ಮಾಹಿತಿ, ಹಣ ಮಂಜೂರು ಮಾಡಬಲ್ಲ ಒಬ್ಬ ಅಧಿಕಾರಿಯ ಮೊಬೈಲ್ ಸಂಖ್ಯೆ. ಮೊದಲ ರಾತ್ರಿ ಕೆಡುವುದು ಹೆಚ್ಚಾಗಿ ಈ ಬಿಲ್ಲಿನಲ್ಲಿ. ಹಳೆಯ ಕೌನ್ಸಿಲ್‌ನ ಖರೀದಿ ಕಾರ್ಡ್ ಮಧ್ಯರಾತ್ರಿಗೆ ಸತ್ತಿರುತ್ತದೆ, ಹೊಸದು ಇನ್ನೂ ಅಂಚೆಯಲ್ಲಿರುತ್ತದೆ.

ಆಮೇಲೆ ಸಹಿ. 1996ರ ವಸತಿ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಪ್ರತಿ ತೀರ್ಮಾನಕ್ಕೂ ಲಿಖಿತ ಪತ್ರ ಬೇಕು. ಅರ್ಜಿದಾರರು 21 ದಿನದೊಳಗೆ ಮರುಪರಿಶೀಲನೆ ಕೇಳಬಹುದು. ಅದರಲ್ಲೂ ಸೋತರೆ ಕಾನೂನಿನ ಪ್ರಶ್ನೆಯ ಮೇಲೆ 21 ದಿನದೊಳಗೆ ಕೌಂಟಿ ಕೋರ್ಟಿಗೆ ಹೋಗಬಹುದು. ಅಧಿಕಾರ ವಹಿಸಿಕೊಡುವ ಪಟ್ಟಿಯಲ್ಲಿ ಅಧಿಕಾರಿಯ ಹುದ್ದೆಯ ಹೆಸರು ತಪ್ಪಿದರೆ, ಅಥವಾ ಪತ್ರದ ತಲೆಬರಹದಲ್ಲಿ ಇಲ್ಲವಾದ ಕೌನ್ಸಿಲ್‌ನ ಹೆಸರಿದ್ದರೆ, ಎದುರು ವಕೀಲರಿಗೆ ಅದೇ ಸಾಕು. ಪತ್ರಗಳ ಎಲ್ಲ ಮಾದರಿಗಳನ್ನೂ ಮೂರು ತಿಂಗಳು ಮೊದಲೇ ತಿದ್ದಿಡಿ. ಮರುಪರಿಶೀಲನೆ ಮಾಡುವವರು ಮೂಲ ತೀರ್ಮಾನದಲ್ಲಿ ಭಾಗಿಯಾಗಿರಬಾರದು, ಹುದ್ದೆಯಲ್ಲೂ ಮೇಲಿರಬೇಕು. ಸಣ್ಣ ಜಿಲ್ಲೆಗಳಿಗೆ ಇದು ಸದಾ ತಲೆನೋವಾಗಿತ್ತು. ವಿಲೀನದಿಂದ ನೇರವಾಗಿ ಸಿಗುವ ಒಂದು ಲಾಭವೆಂದರೆ ಈ ಕೆಲಸಕ್ಕೇ ಒಬ್ಬರನ್ನು ಇಡುವಷ್ಟು ದೊಡ್ಡ ತಂಡ.

ನಡೆಯುತ್ತಿರುವ ಪ್ರಕರಣಗಳ ಗಡಿಯಾರ ನಿಲ್ಲುವುದಿಲ್ಲ. ಮನೆ ಕಳೆದುಕೊಳ್ಳುವುದನ್ನು ತಡೆಯುವ ಹೊಣೆಗೆ 56 ದಿನ, ಕಳೆದುಕೊಂಡವರ ಸಮಸ್ಯೆ ಪರಿಹರಿಸುವ ಹೊಣೆಗೆ 56 ದಿನ, ಮಕ್ಕಳಿರುವ ಕುಟುಂಬವನ್ನು ಬಿ ಆಂಡ್ ಬಿ (ಬೆಡ್ ಆಂಡ್ ಬ್ರೇಕ್‌ಫಾಸ್ಟ್) ಕೋಣೆಯಲ್ಲಿ ಇಡಲು ಹೆಚ್ಚೆಂದರೆ 6 ವಾರ. ಫೆಬ್ರುವರಿ ಕೊನೆಯಲ್ಲಿ ಬಿ ಆಂಡ್ ಬಿಗೆ ಹೋದ ಕುಟುಂಬದ ಆರನೇ ವಾರ ಹೊಸ ಕೌನ್ಸಿಲ್‌ನ ತಲೆಗೆ ಬರುತ್ತದೆ. ಹಾಗಾಗಿ ಹಸ್ತಾಂತರದ ಹಾಳೆಯಲ್ಲಿ ಪ್ರತಿ ಪ್ರಕರಣದ ಎದುರು ‘ಈಗ ಯಾವ ಹಂತ’ ಎನ್ನುವುದಕ್ಕಿಂತ ‘ಮುಂದಿನ ಗಡುವು ಯಾವ ದಿನಾಂಕ’ ಎಂದು ಬರೆಯುವುದು ಮುಖ್ಯ. ಹಂತದ ಹೆಸರನ್ನು ಒಂದೊಂದು ಕಚೇರಿ ಒಂದೊಂದು ರೀತಿ ಬಳಸುತ್ತದೆ. ದಿನಾಂಕಕ್ಕೆ ಎಲ್ಲೆಡೆ ಒಂದೇ ಅರ್ಥ.

ಸ್ಥಳೀಯ ನಂಟಿನ ಲೆಕ್ಕ ಬದಲಾಗುವುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕೌನ್ಸಿಲ್‌ಗಳು ಒಪ್ಪಿಕೊಂಡಿರುವ ಸಾಮಾನ್ಯ ಅಳತೆ ಹಿಂದಿನ 12 ತಿಂಗಳಲ್ಲಿ 6 ತಿಂಗಳು, ಇಲ್ಲವೇ 5 ವರ್ಷದಲ್ಲಿ 3 ವರ್ಷ ಅಲ್ಲಿ ವಾಸ. ಒಬ್ಬಾಕೆ ಒಂದು ಜಿಲ್ಲೆಯಲ್ಲಿ 4 ತಿಂಗಳು, ಪಕ್ಕದ ಜಿಲ್ಲೆಯಲ್ಲಿ 3 ತಿಂಗಳು ಇದ್ದಿದ್ದರೆ ನಿನ್ನೆಯವರೆಗೆ ಆಕೆಗೆ ಎರಡೂ ಕಡೆ ನಂಟಿಲ್ಲ. ಎರಡೂ ಸೇರಿದ ಮೇಲೆ 7 ತಿಂಗಳಾಗಿ ನಂಟು ತಾನಾಗಿ ಹುಟ್ಟುತ್ತದೆ. ಹಾಗೆಯೇ ಒಂದು ಹಳೆಯ ಜಿಲ್ಲೆಯಿಂದ ಇನ್ನೊಂದಕ್ಕೆ ಕಳಿಸಿದ ಪ್ರಕರಣಗಳ ಮೇಲಿನ ಹಗ್ಗಜಗ್ಗಾಟಕ್ಕೆ ಅರ್ಥವೇ ಉಳಿಯುವುದಿಲ್ಲ. ಇಂಥ ಕಡತಗಳನ್ನು ಮಾರ್ಚ್‌ನಲ್ಲೇ ಹುಡುಕಿ, ಒಬ್ಬ ಅಧಿಕಾರಿಯ ಹೆಸರಿಗೆ ಬರೆಯಿರಿ. ಇಲ್ಲವಾದರೆ ಎರಡೂ ಹಳೆಯ ತಂಡಗಳು ಅದು ಇನ್ನೊಬ್ಬರ ಮೇಜಿನಲ್ಲಿದೆ ಎಂದುಕೊಂಡಿರುತ್ತವೆ.

ಇದರ ಇನ್ನೊಂದು ಮುಖ ಅಷ್ಟು ಒಳ್ಳೆಯದಲ್ಲ. ಕುಟುಂಬವನ್ನು ತನ್ನ ಗಡಿಯ ಹೊರಗೆ ಇರಿಸಿದರೆ ಆ ಊರಿನ ಕೌನ್ಸಿಲ್‌ಗೆ 14 ದಿನದೊಳಗೆ ತಿಳಿಸಬೇಕೆಂದು ಅದೇ 1996ರ ಕಾಯ್ದೆಯ 208ನೇ ಸೆಕ್ಷನ್ ಹೇಳುತ್ತದೆ. ಗಡಿ ದೊಡ್ಡದಾದಾಗ ‘ಹೊರಗೆ ಇರಿಸಿದವರ’ ಸಂಖ್ಯೆ ಕಾಗದದ ಮೇಲೆ ಕುಸಿಯುತ್ತದೆ, ಮಕ್ಕಳು ಶಾಲೆಗೆ ಹೋಗುವ ದೂರ ಮಾತ್ರ ಒಂದು ಮೈಲಿಯೂ ಕಡಿಮೆಯಾಗಿರುವುದಿಲ್ಲ. 2023ರಲ್ಲಿ ಹುಟ್ಟಿದ ನಾರ್ತ್ ಯಾರ್ಕ್‌ಷೈರ್ ಕೌನ್ಸಿಲ್‌ನ ಗಡಿಯೊಳಗೇ ಕರಾವಳಿಯ ಸ್ಕಾರ್ಬರೋದಿಂದ ಪಶ್ಚಿಮದ ಸ್ಕಿಪ್ಟನ್‌ಗೆ ಕಾರಿನಲ್ಲೇ ಸುಮಾರು ಎರಡು ಗಂಟೆ. ಆದ್ದರಿಂದ ಗಡಿಯನ್ನಲ್ಲ, ಪ್ರಯಾಣದ ಸಮಯವನ್ನು ಅಳತೆಯಾಗಿಸಿ ಒಂದು ಒಳನಿಯಮ ಮಾಡಿಕೊಳ್ಳಿ: ಇಷ್ಟು ನಿಮಿಷ ಮೀರಿದರೆ ಮೇಲಧಿಕಾರಿಯ ಸಹಿ, ಕಾರಣ ಕಡತದಲ್ಲಿ. ಕೆಲಸ, ಶಾಲೆ, ಆರೈಕೆಗೆ ಆಗುವ ಅಡಚಣೆಯನ್ನು ನೋಡಲೇಬೇಕೆಂಬ 2012ರ ಆದೇಶ ಗಡಿ ಬದಲಾದರೂ ಬದಲಾಗುವುದಿಲ್ಲ.

ಕೌಂಟಿಯ ಮಕ್ಕಳ ವಿಭಾಗ ಅದೇ ಕೌನ್ಸಿಲ್‌ನ ಒಳಗೆ ಬರುವುದು ದೊಡ್ಡ ಬದಲಾವಣೆ. ತಮ್ಮ ಕೈಯಾರೆ ಮನೆ ಕಳೆದುಕೊಂಡರು ಎಂದು ತೀರ್ಮಾನವಾದ, ಮಕ್ಕಳಿರುವ ಕುಟುಂಬವನ್ನು ಇಷ್ಟು ದಿನ ಜಿಲ್ಲೆ ಕೌಂಟಿಗೆ ಕಳಿಸುತ್ತಿತ್ತು. ಈಗ ಕಳಿಸಲು ‘ಆಚೆ’ ಎಂಬುದೇ ಇಲ್ಲ. ಅದೇ ಕಾಯ್ದೆಯ 213ಎ ಸೆಕ್ಷನ್ ಪ್ರಕಾರ ಯೂನಿಟರಿ ಕೌನ್ಸಿಲ್‌ನ ವಸತಿ ವಿಭಾಗ ಅರ್ಜಿದಾರರ ಒಪ್ಪಿಗೆ ಪಡೆದು ಮಕ್ಕಳ ವಿಭಾಗಕ್ಕೆ ತಿಳಿಸುವ ಏರ್ಪಾಟು ಇರಲೇಬೇಕು. 16-17 ವಯಸ್ಸಿನವರು ಬಂದಾಗಲೂ ಹೀಗೆ: 2009ರ ಸೌತ್‌ವಾರ್ಕ್ ತೀರ್ಪಿನ ನಂತರ ಅವರು ಮೊದಲು ಮಕ್ಕಳ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಯಾವ ಬಜೆಟ್ಟಿನಿಂದ ಮೊದಲ ರಾತ್ರಿಯ ಕೋಣೆ ಎಂಬುದನ್ನು ಮೊದಲೇ ತೀರ್ಮಾನಿಸಿ. ಒಂದೇ ಸೂರಿನಡಿಯ ಎರಡು ವಿಭಾಗಗಳ ಜಗಳ ಎರಡು ಕೌನ್ಸಿಲ್‌ಗಳ ಜಗಳಕ್ಕಿಂತ ಉದ್ದ ಎಳೆಯುವುದುಂಟು, ಅದನ್ನು ಬಿಡಿಸುವ ಮೂರನೆಯವರು ಇರುವುದಿಲ್ಲ.

ತಾತ್ಕಾಲಿಕ ವಸತಿಯ ದರಗಳನ್ನು ಒಟ್ಟಿಗೆ ಇಟ್ಟು ನೋಡಿ. ಒಂದೇ ಹೋಟೆಲ್ ಮೂರು ಜಿಲ್ಲೆಗಳಿಗೆ ಮೂರು ದರ ಹೇಳುತ್ತಿರುವುದು ಸಾಮಾನ್ಯ. ಖಾಸಗಿ ಮಾಲೀಕರ ಕೋಣೆಗಳಿಗೆ ಕೇಂದ್ರದಿಂದ ಮರಳುವ ಹೌಸಿಂಗ್ ಬೆನಿಫಿಟ್ (ಬಾಡಿಗೆ ನೆರವು) ಹಣ 2011ರ ಜನವರಿಯ ಸ್ಥಳೀಯ ದರದ ಮಿತಿಗೇ ನಿಂತಿರುವುದರಿಂದ, ಅದಕ್ಕೆ ಮೇಲಿನ ಪ್ರತಿ ಪೌಂಡ್ ಕೌನ್ಸಿಲ್‌ನ ಸಾಮಾನ್ಯ ನಿಧಿಯಿಂದಲೇ ಹೋಗುತ್ತದೆ. ಆರಂಭದ ಆರು ತಿಂಗಳಲ್ಲಿ ನಿಜವಾದ ಉಳಿತಾಯ ಸಿಗುವ ಜಾಗ ಇದೊಂದೇ ಎನ್ನಬಹುದು.

ಕಾಯುವ ಪಟ್ಟಿ ಮತ್ತು ಹಂಚಿಕೆ

ಒಂದು ಜಿಲ್ಲೆಯಲ್ಲಿ ಎ-ಬಿ-ಸಿ-ಡಿ ಬ್ಯಾಂಡ್, ಇನ್ನೊಂದರಲ್ಲಿ ಅಂಕ, ಮತ್ತೊಂದರಲ್ಲಿ ಎರಡು ವರ್ಷ ವಾಸದ ನಿಯಮ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಿರುವ ಇವನ್ನು ಮೊದಲ ದಿನಕ್ಕೆ ಒಂದು ಮಾಡಲು ಹೋಗಬೇಡಿ. ಹಳೆಯ ನಿಯಮಾವಳಿಗಳನ್ನು ಹಳೆಯ ಗಡಿಗಳೊಳಗೆ ನಡೆಸುತ್ತ, ಹೊಸದಕ್ಕೆ ಒಂದೂವರೆಯಿಂದ ಎರಡು ವರ್ಷ ಕೊಡಿ. ಸಾಮರ್ಸೆಟ್‌ನಲ್ಲಿ ಜಿಲ್ಲೆಗಳು ವಿಲೀನಕ್ಕೂ ಮೊದಲೇ ಹೋಮ್‌ಫೈಂಡರ್ ಸಾಮರ್ಸೆಟ್ ಎಂಬ ಒಂದೇ ಪಟ್ಟಿ ನಡೆಸುತ್ತಿದ್ದವು. ಅಂಥ ಕಡೆ ಈ ಹೆಜ್ಜೆ ಅರ್ಧ ಮುಗಿದಂತೆಯೇ.

ಹೊಸ ನಿಯಮಾವಳಿ ಬರೆಯುವಾಗ ಮೂರು ಕೆಲಸ ತಪ್ಪಬಾರದು. ದೊಡ್ಡ ಬದಲಾವಣೆಗೆ ಮೊದಲು ಹಂಚಿಕೆಯ ಏರ್ಪಾಟಿರುವ ಹೌಸಿಂಗ್ ಅಸೋಸಿಯೇಷನ್‌ಗಳಿಗೆ ಕರಡು ಕಳಿಸಿ ಅಭಿಪ್ರಾಯ ಕೇಳಬೇಕು. ಬದಲಾವಣೆ ತಟ್ಟುವ ಅರ್ಜಿದಾರರಿಗೆ ತಿಳಿಸಬೇಕು. ಮೂರನೆಯದು ಕಾನೂನಿನ ಮಾತಲ್ಲ, ನ್ಯಾಯದ ಮಾತು: ಹಳೆಯ ನೋಂದಣಿ ದಿನಾಂಕ ಹೊಸ ಪಟ್ಟಿಗೂ ಹಾಗೆಯೇ ಬರಬೇಕು. ದತ್ತಾಂಶ ಸಾಗಿಸುವಾಗ ಎಲ್ಲರ ದಿನಾಂಕವೂ ‘ಸಾಗಿಸಿದ ದಿನ’ ಎಂದಾಗಿಬಿಡುವುದು ಪರಿಚಿತ ತಪ್ಪು. ಪ್ರತಿ ಜಿಲ್ಲೆಯಿಂದ ನೂರು ಅರ್ಜಿ ಆರಿಸಿ ಕೈಯಿಂದ ಹೋಲಿಸಿದರೆ ಸಿಕ್ಕಿಬೀಳುತ್ತದೆ. ಎರಡು ಜಿಲ್ಲೆಗಳಲ್ಲಿ ಹೆಸರು ಬರೆಸಿದವರೂ ಇರುತ್ತಾರೆ. ಅವರಿಗೆ ಎರಡರಲ್ಲಿ ಹಳೆಯ ದಿನಾಂಕವನ್ನೇ ಉಳಿಸಿ.

ಕೌನ್ಸಿಲ್ ಮನೆಗಳು

ಕೌನ್ಸಿಲ್ ಒಂದಾದರೆ ಬಾಡಿಗೆ ಖಾತೆಯೂ ಒಂದೇ. ಹೌಸಿಂಗ್ ರೆವಿನ್ಯೂ ಅಕೌಂಟ್ ಎಂಬ ಈ ಖಾತೆಯನ್ನು 1989ರ ಕಾಯ್ದೆ ಬೇಲಿ ಹಾಕಿ ಕಾಯುತ್ತದೆ, ಕೊರತೆಯ ಬಜೆಟ್ಟಿಗೆ ಅವಕಾಶವಿಲ್ಲ. ಮನೆಗಳು ಎಲ್ಲ ಜಿಲ್ಲೆಯಲ್ಲೂ ಇರುತ್ತವೆ ಎಂದುಕೊಳ್ಳಬೇಡಿ. ನಾರ್ತ್ ಯಾರ್ಕ್‌ಷೈರ್‌ನ ಏಳು ಜಿಲ್ಲೆಗಳಲ್ಲಿ ಹ್ಯಾರೊಗೇಟ್, ರಿಚ್ಮಂಡ್‌ಷೈರ್, ಸೆಲ್ಬಿ ಮೂರಕ್ಕೆ ಮಾತ್ರ ಸ್ವಂತ ಮನೆಗಳಿದ್ದವು. ಉಳಿದ ನಾಲ್ಕರಿಂದ ಬಂದ ಸದಸ್ಯರಿಗೆ ತಾವೂ ಈಗ ಮನೆ ಮಾಲೀಕರು ಎಂಬುದು ಹೊಸ ಪಾಠ. ಬೋರ್ನ್‌ಮತ್ ಮತ್ತು ಪೂಲ್ 2019ರಲ್ಲಿ ಒಂದಾದಾಗ ಖಾತೆ ಒಂದೇ ಆದರೂ ಒಳಗೆ ಎರಡು ನೆರೆಹೊರೆ ಲೆಕ್ಕ ಇಟ್ಟುಕೊಂಡವು. ಸಾಲ, ಮೀಸಲು, ಬಾಡಿಗೆ ಬಹಳ ಬೇರೆಯಿದ್ದಲ್ಲಿ ಇದು ಬುದ್ಧಿವಂತಿಕೆಯ ದಾರಿ.

ಲೆಕ್ಕಕ್ಕಿಂತ ಹೆಚ್ಚು ಅಪಾಯ ಸುರಕ್ಷತೆಯ ದಾಖಲೆಗಳಲ್ಲಿದೆ. ಗ್ಯಾಸ್ ತಪಾಸಣೆ, ವಿದ್ಯುತ್, ಬೆಂಕಿ, ಕಲ್ನಾರು, ನೀರಿನ ಲೀಜಿಯೊನೆಲ್ಲಾ, ಲಿಫ್ಟ್, ಈ ಆರಕ್ಕೂ ಮನೆವಾರು ದಿನಾಂಕ ಬೇಕು. ‘ಶೇ. 99 ಆಗಿದೆ’ ಎಂಬ ಸಾಲು ಸಾಲದು, ಉಳಿದ ಒಂದರ ವಿಳಾಸ ಕೇಳಿ. 2024ರ ಏಪ್ರಿಲ್‌ನಿಂದ ಸಾಮಾಜಿಕ ವಸತಿ ನಿಯಂತ್ರಕರು ಸಾವಿರಕ್ಕಿಂತ ಹೆಚ್ಚು ಮನೆಗಳಿರುವ ಮಾಲೀಕರನ್ನು ನಾಲ್ಕು ವರ್ಷದ ಸುತ್ತಿನಲ್ಲಿ ತಪಾಸಿಸಿ ಸಿ1ರಿಂದ (ಅತ್ಯುತ್ತಮ) ಸಿ4ರವರೆಗೆ ದರ್ಜೆ ಕೊಡುತ್ತಾರೆ. ಹಳೆಯ ಜಿಲ್ಲೆಯ ಲೋಪಕ್ಕೆ ಉತ್ತರಿಸಬೇಕಾದವರು ಹೊಸ ಕೌನ್ಸಿಲ್‌ನವರೇ. ಬೂಷ್ಟು ಹಿಡಿದ ಮನೆಯಿಂದಾಗಿ ಸತ್ತ ಮಗು ಅವಾಬ್ ಇಶಾಕ್ ಹೆಸರಿನ ಅವಾಬ್ ಕಾನೂನು 2025ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ: ತುರ್ತು ಅಪಾಯಕ್ಕೆ 24 ಗಂಟೆ, ಗಣನೀಯ ತೇವ-ಬೂಷ್ಟಿನ ತನಿಖೆಗೆ 10 ಕೆಲಸದ ದಿನ. ರಿಪೇರಿ ದೂರುಗಳ ವ್ಯವಸ್ಥೆಯನ್ನು ಬದಲಿಸುವ ವಾರಾಂತ್ಯದಲ್ಲಿ ಬಂದ ದೂರು ಎರಡೂ ವ್ಯವಸ್ಥೆಗಳ ನಡುವೆ ಬಿದ್ದುಹೋದರೆ ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ಆ ದಿನಗಳಲ್ಲಿ ಕಾಗದದ ನೋಂದಣಿ ಪುಸ್ತಕ ಇಡುವುದರಲ್ಲಿ ನಾಚಿಕೆಯೇನಿಲ್ಲ.

ಬಾಡಿಗೆದಾರರ ಒಪ್ಪಂದ ತಾನಾಗಿ ಹೊಸ ಕೌನ್ಸಿಲ್‌ಗೆ ಬರುತ್ತದೆ, ಮತ್ತೆ ಸಹಿ ಮಾಡಿಸಬೇಕಿಲ್ಲ. ಡೈರೆಕ್ಟ್ ಡೆಬಿಟ್ ವರ್ಗಾವಣೆಯನ್ನು ಬ್ಯಾಂಕ್ ಮೂಲಕ ಒಟ್ಟಿಗೆ ಮಾಡಿಸಿ. ‘ಖಾತೆ ಸಂಖ್ಯೆ ಬದಲಾಗಿದೆ, ಇಲ್ಲಿ ಕಟ್ಟಿ’ ಎಂಬ ವಂಚಕರ ಸಂದೇಶಗಳೂ ಇದೇ ಹೊತ್ತಿಗೆ ಬರುವ ಸಾಧ್ಯತೆಯಿದೆ. ಕೌನ್ಸಿಲ್ ಎಂದೂ ಸಂದೇಶದಲ್ಲಿ ಖಾತೆ ಬದಲಿಸಲು ಕೇಳುವುದಿಲ್ಲ ಎಂದು ಜನವರಿಯ ಪತ್ರದಲ್ಲೇ ಹೇಳಿಬಿಡಿ.

ಪ್ಲಾನಿಂಗ್ ಅರ್ಜಿಗಳು: ಸುಮ್ಮನಿದ್ದರೆ ಒಪ್ಪಿದಂತೆ

ಸಾಮಾನ್ಯ ಅರ್ಜಿಗೆ 8 ವಾರ, ದೊಡ್ಡದಕ್ಕೆ 13, ಪರಿಸರ ಪರಿಣಾಮ ವರದಿಯಿದ್ದರೆ 16. ಈ ಗಡುವು ತಪ್ಪಿದರೆ ಅರ್ಜಿದಾರ ಮೇಲ್ಮನವಿ ಹೋಗಬಹುದು, ಅಷ್ಟೇ. ನಿಜವಾಗಿ ಕಚ್ಚುವುದು ಬೇರೆ ಗುಂಪು, ಕೌನ್ಸಿಲ್ ಸುಮ್ಮನಿದ್ದರೆ ಒಪ್ಪಿಗೆ ಸಿಕ್ಕಂತೆ ಎಂದು ಕಾನೂನು ಎಣಿಸುವ ಅರ್ಜಿಗಳು. ಮೊಬೈಲ್ ಗೋಪುರಕ್ಕೆ 56 ದಿನ. ಮನೆಯ ಹಿಂದಿನ ದೊಡ್ಡ ವಿಸ್ತರಣೆಗೆ 42 ದಿನ. ಕೃಷಿ ಕಟ್ಟಡದ ಮೊದಲ ಹಂತಕ್ಕೆ 28 ದಿನ. ಸಂರಕ್ಷಿತ ಪ್ರದೇಶದಲ್ಲಿ ಮರ ಕಡಿಯುವ ಸೂಚನೆಗೆ 6 ವಾರ. ಹಳೆಯ ವ್ಯವಸ್ಥೆ ಮುಚ್ಚಿ ಹೊಸದು ತೆರೆಯುವ ನಡುವಿನ ಹತ್ತು ದಿನ ‘ಓದಲು ಮಾತ್ರ’ ಎಂದು ಇಟ್ಟರೆ, 28 ದಿನದ ಅರ್ಜಿಯ ಮೂರನೇ ಒಂದು ಭಾಗ ಅಲ್ಲೇ ಕರಗಿತು.

ಹಾಗಾಗಿ ವ್ಯವಸ್ಥೆ ಬದಲಿಸುವುದನ್ನು ವೆಸ್ಟಿಂಗ್ ಡೇಗೆ ಕಟ್ಟಬೇಡಿ. ಹಳೆಯ ವ್ಯವಸ್ಥೆಗಳನ್ನು ಹೊಸ ಹೆಸರಿನಲ್ಲಿ ಓಡಿಸಿ, ಆಮೇಲೆ ಒಂದೊಂದೇ ಜಿಲ್ಲೆಯನ್ನು ಸಾಗಿಸಿ. ಪ್ರತಿ ಸಾಗಣೆಗೆ ಎರಡು ವಾರ ಮೊದಲು ಈ ಗುಂಪಿನ ಅರ್ಜಿಗಳನ್ನೆಲ್ಲ ಒಬ್ಬ ಹಿರಿಯ ಅಧಿಕಾರಿ ಬೇರೆ ಹಾಳೆಯಲ್ಲಿ ಬರೆದುಕೊಂಡು ಕೈಯಿಂದಲೇ ನೋಡಿಕೊಳ್ಳಲಿ.

ರಸ್ತೆ ವಿಭಾಗ, ಪ್ರವಾಹ ವಿಭಾಗಗಳು ಈಗ ಅದೇ ಕೌನ್ಸಿಲ್‌ನವು. ಅವರ ಅಭಿಪ್ರಾಯವನ್ನು ಫೋನಿನಲ್ಲಿ ಕೇಳಿ ಮುಗಿಸುವ ಆಸೆಯಾಗುತ್ತದೆ. ಮಾಡಬೇಡಿ, ಲಿಖಿತವಾಗಿ ಪಡೆದು ಸಾರ್ವಜನಿಕ ಕಡತಕ್ಕೆ ಹಾಕಿ. ಶಾಲೆ, ರಸ್ತೆ, ಮನೆ ಎಂದು ಕೌನ್ಸಿಲ್ ತನಗೆ ತಾನೇ ಅನುಮತಿ ಕೇಳುವ ಅರ್ಜಿಗಳೂ ಹೆಚ್ಚುತ್ತವೆ. ಆ ಜಮೀನು ನೋಡಿಕೊಳ್ಳುವ ಸಮಿತಿಯಾಗಲಿ ಅಧಿಕಾರಿಯಾಗಲಿ ಅದರ ಅನುಮತಿಯನ್ನು ತೀರ್ಮಾನಿಸುವಂತಿಲ್ಲ. ಪರಿಸರ ವರದಿಯಿರುವ ಅರ್ಜಿಗೆ 2017ರ ಪರಿಸರ ಪರಿಣಾಮ ನಿಯಮಾವಳಿಯ ನಿಯಮ 64 ಇನ್ನೂ ಬಿಗಿ: ಅರ್ಜಿ ಹಾಕುವವರಿಗೂ ತೀರ್ಮಾನಿಸುವವರಿಗೂ ನಡುವೆ ಗೋಡೆ ಇರಬೇಕು. ಅದನ್ನು ಬರೆದಿಡುವುದು ಒಳ್ಳೆಯದು.

ಅನುಮತಿಯ ಜೊತೆಗೆ ಬಿಲ್ಡರ್‌ನಿಂದ ಪಡೆಯುವ ಸೆಕ್ಷನ್ 106 ಒಪ್ಪಂದಗಳ ಹಣ ಎಷ್ಟೋ ಕಡೆ ಇನ್ನೂ ಒಬ್ಬರ ಎಕ್ಸೆಲ್ ಹಾಳೆಯಲ್ಲಿದೆ. ಖರ್ಚಾಗದಿದ್ದರೆ ಬಿಲ್ಡರ್‌ಗೆ ಮರಳಿಸಬೇಕಾದ ದಿನಾಂಕವನ್ನು ಪ್ರತಿ ಒಪ್ಪಂದದಿಂದ ತೆಗೆದು ಸಾಲಾಗಿ ಜೋಡಿಸಿ. ಆ ಹಾಳೆ ಇಟ್ಟವರು ಮಾರ್ಚ್‌ನಲ್ಲಿ ಕೆಲಸ ಬಿಡುವ ಮೊದಲು! ಕಟ್ಟಡ ತಪಾಸಣೆ, ಬೀದಿ ಹೆಸರು, ಮನೆ ಸಂಖ್ಯೆಗಳ ಕೆಲಸ ಹಳೆಯ ತಂಡಗಳಲ್ಲೇ ಒಂದು ವರ್ಷ ಮುಂದುವರಿದರೆ ಏನೂ ಕೆಡುವುದಿಲ್ಲ.

ಲೋಕಲ್ ಪ್ಲಾನ್

ಹಳೆಯ ಜಿಲ್ಲೆಗಳ ಪ್ಲಾನ್‌ಗಳು ಆಯಾ ಗಡಿಗಳಲ್ಲಿ ಜಾರಿಯಲ್ಲೇ ಇರುತ್ತವೆ. ಹಿಂದಿನ ವಿಲೀನಗಳಲ್ಲಿ ಇಡೀ ಪ್ರದೇಶಕ್ಕೆ ಹೊಸ ಪ್ಲಾನ್ ತರಲು ಐದು ವರ್ಷದ ಗಡುವಿತ್ತು. ಬಕಿಂಗ್‌ಹ್ಯಾಮ್‌ಷೈರ್ ಒಂದಾದದ್ದು 2020ರ ಏಪ್ರಿಲ್ 1ರಂದು. ಐದು ವರ್ಷ ದಾಟಿದರೂ ಹೊಸ ಪ್ಲಾನ್ ಅಂಗೀಕಾರವಾಗಿರಲಿಲ್ಲ. ಅಲ್ಲಿನ ಎರಡು ಅರ್ಧ ಬೆಂದ ಪ್ಲಾನ್‌ಗಳ ಗತಿ ನೋಡಿದರೆ ಪಾಠ ಸಿಗುತ್ತದೆ. ಏಲ್ಸ್‌ಬರಿ ವೇಲ್‌ನ ಪ್ಲಾನ್ ವಿಲೀನದ ಹೊತ್ತಿಗೆ ಪರಿಶೀಲನೆಯ ನಡುವಿತ್ತು. ಹೊಸ ಕೌನ್ಸಿಲ್ ಅದನ್ನು ಕೈಬಿಡದೆ 2021ರ ಸೆಪ್ಟೆಂಬರ್‌ನಲ್ಲಿ ಅಂಗೀಕರಿಸಿತು. ಚಿಲ್ಟರ್ನ್ ಮತ್ತು ಸೌತ್ ಬಕ್ಸ್‌ನ ಜಂಟಿ ಪ್ಲಾನನ್ನು 2020ರ ಅಕ್ಟೋಬರ್‌ನಲ್ಲಿ ಹಿಂತೆಗೆಯಬೇಕಾಯಿತು, ಆ ಭಾಗ ಹಳೆಯ ನೀತಿಗಳ ಮೇಲೇ ನಿಂತಿತು.

ಆದ್ದರಿಂದ ಕೈಯಲ್ಲಿರುವ ಪ್ಲಾನ್ ನಿಲ್ಲಿಸಿ ‘ಹೊಸ ಕೌನ್ಸಿಲ್ ಮಾಡಲಿ’ ಎಂದು ಕೂರುವುದು ದುಬಾರಿ. ಹಳೆಯ ಪದ್ಧತಿಯಲ್ಲಿ ಸಲ್ಲಿಸಲು ಕೊನೆಯ ದಿನ 2026ರ ಡಿಸೆಂಬರ್ 31. ಅದಕ್ಕೆ ತಲುಪಬಲ್ಲ ಜಿಲ್ಲೆ ತಲುಪಲಿ. ಪ್ಲಾನ್ ಐದು ವರ್ಷ ಹಳೆಯದಾಗಿ ಮರುವಿಮರ್ಶೆಯಾಗದಿದ್ದರೆ, ಮನೆಗಳ ಗುರಿ ಸಾಮಾನ್ಯವಾಗಿ ರಾಷ್ಟ್ರೀಯ ಸೂತ್ರಕ್ಕೆ ಹಾರುತ್ತದೆ. 2024ರ ಡಿಸೆಂಬರ್‌ನ ಸೂತ್ರ ಶುರುವಾಗುವುದೇ ಈಗಿರುವ ಮನೆಗಳ 0.8 ಪ್ರತಿಶತದಿಂದ, ಮನೆ ಬೆಲೆ ದುಬಾರಿಯಿರುವ ಕಡೆ ಅದರ ಮೇಲೆ ಇನ್ನಷ್ಟು ಏರುತ್ತದೆ. ಐದು ವರ್ಷಕ್ಕೆ ಸಾಲುವ ಜಾಗ ತೋರಿಸಲಾಗದಿದ್ದರೆ ತೂಕ ಬಿಲ್ಡರ್ ಕಡೆಗೆ ವಾಲಿ, ಪ್ಲಾನಿನಲ್ಲಿಲ್ಲದ ಹೊಲದಲ್ಲೂ ಮೇಲ್ಮನವಿ ಗೆಲ್ಲುವುದು ಸುಲಭ. ಜಾಗದ ಲೆಕ್ಕವನ್ನು ಹಳೆಯ ಜಿಲ್ಲೆವಾರು ಪ್ರಕಟಿಸುತ್ತೀರೋ ಒಟ್ಟಾಗಿಯೋ ಎಂಬುದನ್ನು ಮೇಲ್ಮನವಿ ವಿಚಾರಣೆಯ ಮೇಜಿನ ಮೇಲೆ ನಿರ್ಧರಿಸಬಾರದು, ಮೊದಲೇ ಸಮರ್ಥನೆ ಬರೆದಿಡಬೇಕು.

ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾದವು

ವೆಸ್ಟಿಂಗ್ ಡೇಗೆ ಹಿಂದಿನ ಸೆಪ್ಟೆಂಬರ್ ಹೊತ್ತಿಗೆ ಎರಡು ಪಟ್ಟಿ, ಗುತ್ತಿಗೆ ದಾಖಲೆ. ಡಿಸೆಂಬರ್‌ಗೆ ಅಧಿಕಾರ ವಹಿಸುವ ಪಟ್ಟಿಯ ಕರಡು, ಪತ್ರ ಮಾದರಿಗಳು. ಜನವರಿಯಲ್ಲಿ ಬಾಡಿಗೆದಾರರಿಗೆ ಪತ್ರ. ಫೆಬ್ರುವರಿಯ ಒಂದು ಶನಿವಾರ ರಾತ್ರಿ ಪೂರ್ಣ ತಾಲೀಮು: ಒಬ್ಬರು ತುರ್ತು ಸಂಖ್ಯೆಗೆ ಫೋನ್ ಮಾಡಿ, ನಿಜವಾಗಿಯೂ ಒಂದು ಕೋಣೆ ಬುಕ್ ಆಗಿ ಹಣ ಕಟ್ಟಿ ಮುಗಿಯುವವರೆಗೆ. ಮಾರ್ಚ್‌ನಲ್ಲಿ ಕಡತಗಳ ಗಡುವು ಹಾಳೆ. ಏಪ್ರಿಲ್ 28ಕ್ಕೆ ಮೂಲಸೌಕರ್ಯ ಶುಲ್ಕದಲ್ಲಿ ಊರುಮಟ್ಟದ ಪ್ಯಾರಿಷ್ ಕೌನ್ಸಿಲ್‌ಗಳ ಪಾಲು ಹೋಗಬೇಕು, 15 ಪ್ರತಿಶತ, ನೆರೆಹೊರೆ ಯೋಜನೆ ಇದ್ದಲ್ಲಿ 25. ವೆಸ್ಟಿಂಗ್ ಡೇ ಆಗಿ ನಾಲ್ಕೇ ವಾರಕ್ಕೆ ಬರುವುದರಿಂದ ಮರೆತುಹೋಗಲು ಸುಲಭ.

ಅರ್ಜಿದಾರರು ಮಾರ್ಚ್ ಮುಗಿಯುವ ಮೊದಲು ತಮ್ಮ ನೋಂದಣಿ ಸಂಖ್ಯೆ, ಬ್ಯಾಂಡ್, ದಿನಾಂಕ ಕಾಣುವ ಪುಟದ ಚಿತ್ರ ತೆಗೆದಿಟ್ಟುಕೊಳ್ಳಲಿ. ಬಂದ ಪ್ರತಿ ಪತ್ರದ ಲಕೋಟೆಯನ್ನೂ ಇಟ್ಟುಕೊಳ್ಳಲಿ. 21 ದಿನದ ಲೆಕ್ಕ ಶುರುವಾಗುವುದು ತೀರ್ಮಾನ ಕೈಗೆ ತಲುಪಿದ ದಿನದಿಂದ, ಲಕೋಟೆಯ ಮೇಲಿನ ಅಂಚೆ ಮುದ್ರೆ ಅದಕ್ಕೆ ಸಾಕ್ಷಿಯಾದೀತು.